ಮೊದಲು ತಕ್ಕಡಿ, ಆಮೇಲೆ ಸಮಾಧಾನ: ಅಡಿಕೆ ಮನೆಯಲ್ಲಿ ಕಲಿತ ಹನ್ನೊಂದು ಪಾಠ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೊರಟ ಪ್ರವಾಸಿಗರಿಗೆ ಲಿಂಗದಹಳ್ಳಿ ಟೀ ಕುಡಿದು ಮುಂದೆ ಹೋಗುವ ಊರು. ಇಲ್ಲೇ ದುಡಿಯುವವರಿಗೆ ಇದು ಎರಡು ಸೀಮೆ ಕೂಡುವ ಜಾಗ. ಕೆಳಗೆ ಅಡಿಕೆ, ತೆಂಗು. ಘಟ್ಟ ಹತ್ತಿದರೆ ಸಂತವೇರಿ ಕಡೆ ಕಾಫಿ. ನಾನು ಮೊದಲು ಮೇಲಿನ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದೆ. ಈಗ ಕೆಳಗೆ ಚೇಣಿ (ತೋಟದ ಫಸಲಿನ ಗುತ್ತಿಗೆ) ಹಿಡಿದು, ಅಡಿಕೆ ಸುಲಿಸಿ, ಬೇಯಿಸಿ, ಒಣಗಿಸಿ ಮಂಡಿಗೆ ಕಳಿಸುತ್ತೇನೆ. ಸೀಸನ್‌ನಲ್ಲಿ ಮೂವತ್ತು ನಲವತ್ತು ಜನ ನನ್ನ ಹತ್ತಿರ ಕೆಲಸ ಮಾಡುತ್ತಾರೆ: ಗೊನೆ ಕೀಳುವವರು, ಸುಲಿಯುವ ಹೆಂಗಸರು, ಹಂಡೆ ಮುಂದೆ ನಿಲ್ಲುವವರು, ಕಣದಲ್ಲಿ ಅಡಿಕೆ ಹರಡುವವರು, ಒಬ್ಬ ಮೇಸ್ತ್ರಿ.

ಕೆಲಸದ ಜಾಗದಲ್ಲಿ ಮನಸ್ಸಿನ ಆರೋಗ್ಯ ಎಂದ ತಕ್ಷಣ ಜನರಿಗೆ ನೆನಪಾಗುವುದು ಬೆಂಗಳೂರಿನ ಗಾಜಿನ ಕಟ್ಟಡ. 2024ರ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ ಇದೇ ವಿಷಯ ಇಟ್ಟಿದ್ದರು. ಖಿನ್ನತೆ ಮತ್ತು ಆತಂಕದಿಂದ ಜಗತ್ತಿನಲ್ಲಿ ವರ್ಷಕ್ಕೆ 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೊಡುವ ಅಂದಾಜು. ಆ ಲೆಕ್ಕದಲ್ಲಿ ನಮ್ಮ ಕಣದ ಗೈರುಹಾಜರಿಯೂ ಸೇರುತ್ತದೆ. ನಮ್ಮಂಥ ಕಡೆ ಎಚ್.ಆರ್. ಇಲ್ಲ, ಕೌನ್ಸೆಲರ್ ಇಲ್ಲ. ಇರುವುದು ಯಜಮಾನ, ಮೇಸ್ತ್ರಿ, ಹಾಜರಿ ಪುಸ್ತಕ. ಇಷ್ಟರಲ್ಲೇ ಏನು ಮಾಡಬಹುದು ಎಂಬುದನ್ನು ಕೆಲಸವೇ ಕಲಿಸಿದೆ.

1. ತಕ್ಕಡಿಯ ಮುಖ ದುಡಿಯುವವರ ಕಡೆ ಇರಲಿ

ಅಡಿಕೆ ಸುಲಿದದ್ದಕ್ಕೆ ಕೂಲಿ ಕೆ.ಜಿ. ಲೆಕ್ಕ. ತೂಕದ ಅಂಕಿ ತೂಗುವವನಿಗೆ ಮಾತ್ರ ಕಾಣುವಂತಿದ್ದರೆ, ದಿನವಿಡೀ ಮೆಟ್ಟುಗತ್ತಿ ಮುಂದೆ ಕೂತ ಹೆಂಗಸಿಗೆ ರಾತ್ರಿ ಮಲಗಿದಾಗಲೂ ಅದೇ ಯೋಚನೆ: ಇವತ್ತು ಎಷ್ಟು ಹೊಡೆದರೋ. ಈ ಅನುಮಾನ ನಿದ್ದೆ ಕೆಡಿಸುತ್ತದೆ, ಮರುದಿನ ಪಕ್ಕದವಳ ಮೇಲೆ ಜಗಳವಾಗಿ ಬರುತ್ತದೆ.

ನಮ್ಮಲ್ಲಿ ಕಾಟಾದ ಅಂಕಿ ಸುಲಿಯುವವರ ಕಡೆ ತಿರುಗಿದೆ. ಖಾಲಿ ಬುಟ್ಟಿ ಇಟ್ಟು ಮೊದಲು ಸೊನ್ನೆ ಮಾಡುತ್ತೇವೆ. ಆಮೇಲೆ ಅಡಿಕೆ ಸುರಿದು, ತೂಕವನ್ನು ಎಲ್ಲರಿಗೂ ಕೇಳುವಂತೆ ಕೂಗಿ, ನಮ್ಮ ಪುಸ್ತಕದಲ್ಲೊಮ್ಮೆ ಅವರ ಚೀಟಿಯಲ್ಲೊಮ್ಮೆ ಬರೆಯುತ್ತೇವೆ. ಓದಲು ಬಾರದವರ ಚೀಟಿಯನ್ನು ಮನೆಯಲ್ಲಿ ಮಕ್ಕಳು ಕೂಡಿಸಿ ಹೇಳುತ್ತಾರೆ. ಬಟವಾಡೆ ಸಂತೆಯ ಹಿಂದಿನ ದಿನ ಸಂಜೆ, ಮಂಡಿಯಿಂದ ನನಗೆ ದುಡ್ಡು ಬಂದಿರಲಿ ಬಿಡಲಿ.

ಕೆಲಸದ ಜಾಗದ ಮಾನಸಿಕ ಆರೋಗ್ಯದ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ದುಡಿಯುವವರನ್ನು ತಿದ್ದುವುದಕ್ಕೆ ಮೊದಲು ಕೆಲಸದ ವ್ಯವಸ್ಥೆಯನ್ನು ನೋಡಿ ಎನ್ನುತ್ತದೆ. ಕೂಲಿ ತಡಮಾಡುವ ಯಜಮಾನ ಧ್ಯಾನದ ಶಿಬಿರ ಇಟ್ಟರೆ ಯಾರಿಗೂ ನೆಮ್ಮದಿ ಬರುವುದಿಲ್ಲ. ಉಳಿದ ಹತ್ತು ಪಾಠಗಳೂ ಇದರ ಮೇಲೇ ನಿಂತಿವೆ.

2. ಮುಂಗಡಕ್ಕೆ ಲೆಕ್ಕ ಇರಲಿ, ಕಂತಿನವರಿಗೆ ಗೇಟು ಇರಲಿ

ಮುಂಗಡವಿಲ್ಲದೆ ನಮ್ಮ ಕಡೆ ಆಳು ಸಿಗುವುದಿಲ್ಲ. ಮುಂಗಡದ ಹೆಸರಲ್ಲಿ ಆಳನ್ನು ಹಿಡಿದಿಟ್ಟುಕೊಂಡರೆ ಅದು ಜೀತ. 1976ರ ಕಾಯ್ದೆ ಅದನ್ನು ಅಪರಾಧ ಎನ್ನುತ್ತದೆ. ಕಾನೂನಿನ ಮಾತು ಹಾಗಿರಲಿ, ಬಾಕಿ ಎಷ್ಟು ಉಳಿದಿದೆ ಎಂದು ಗೊತ್ತಿಲ್ಲದವನ ತಲೆಬಿಸಿ ಬಾಕಿಗಿಂತ ದೊಡ್ಡದು. ಪ್ರತಿ ಬಟವಾಡೆಯಲ್ಲೂ ಹಿಡಿದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಬಾಯಿಬಿಟ್ಟು ಹೇಳಿ ಚೀಟಿಗೆ ಬರೆಯಿರಿ. ಮನೆ ಖರ್ಚು ನಡೆಯುವಷ್ಟು ಕೈಗೆ ಉಳಿಸಿಯೇ ಹಿಡಿಯಿರಿ.

ಹೆಂಗಸರ ದೊಡ್ಡ ಚಿಂತೆ ಮೈಕ್ರೋಫೈನಾನ್ಸ್ ಕಂತು. ಒಂದು ಮಧ್ಯಾಹ್ನ ಬೈಕಿನ ಶಬ್ದ ಕೇಳಿದ್ದೇ ಒಬ್ಬಾಕೆ ಮೆಟ್ಟುಗತ್ತಿ ಬಿಟ್ಟು ಎದ್ದು ಅಡಿಕೆ ಚೀಲಗಳ ಹಿಂದೆ ಹೋಗಿ ಕೂತಳು. ಬೈಕಿನವನು ಹೋದ ಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ. ಉಳಿದವರು ತಲೆ ಎತ್ತದೆ ಸುಲಿಯುತ್ತಿದ್ದರು. ಅವರಲ್ಲಿ ಅರ್ಧ ಜನರಿಗೆ ನಾಳೆ ಅದೇ ಪಾಳಿ.

ಈ ವಿಷಯದಲ್ಲಿ ಯಜಮಾನನಿಗೆ ಕಾನೂನು ಗೊತ್ತಿದ್ದರೆ ಬಲ. ಕಂತು ಕೊಡಲು ಗೊತ್ತುಮಾಡಿದ ಜಾಗಕ್ಕೆ ಸಾಲಗಾರರು ಸತತ ಎರಡು ಬಾರಿ ಬಾರದಿದ್ದರೆ ಮಾತ್ರ ವಸೂಲಿಯವರು ಮನೆಗೋ ಕೆಲಸದ ಜಾಗಕ್ಕೋ ಬರಬಹುದು, ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದು, ಹತ್ತು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ ಇಟ್ಟಿತು. ಈಗ ನಮ್ಮ ಕಣಕ್ಕೆ ವಸೂಲಿಯವರು ಬಂದರೆ ಮೊದಲು ನನ್ನ ಹತ್ತಿರ ಮಾತಾಡಬೇಕು. ಸಾಲ ಮನ್ನಾ ಮಾಡಿಸಲು ನನ್ನಿಂದಾಗದು. ನಾಲ್ಕು ಜನರ ಮುಂದೆ ಮಾನ ಹೋಗುವುದನ್ನು ತಡೆಯಲು ಆಗುತ್ತದೆ.

3. ಬದಲಾವಣೆ ಗಮನಿಸಿ, ಕಾರಣ ನೀವೇ ಕಟ್ಟಬೇಡಿ

ಮನಸ್ಸು ಸರಿಯಿಲ್ಲ ಎಂದು ಬಂದು ಹೇಳಿಕೊಂಡವರು ನನಗೆ ಸಿಕ್ಕಿಲ್ಲ. ಹೇಳುವುದು ಬೇರೆ: ತಲೆ ಧಿಮ್ ಅಂತದೆ, ಎದೆ ಡವಡವ ಅಂತದೆ, ಹೊಟ್ಟೆಯಲ್ಲಿ ಸಂಕಟ, ಕೈಕಾಲಲ್ಲಿ ಜೀವ ಇಲ್ಲ. ಕಾಯಿಲೆ ಇದೆಯೇ ಎಂದು ಡಾಕ್ಟರು ನೋಡಲೇಬೇಕು. ಪರೀಕ್ಷೆಯಲ್ಲಿ ಏನೂ ಸಿಗದೆ ಅದೇ ದೂರು ಉಳಿದರೆ ಮನಸ್ಸಿನ ಕಡೆಯೂ ನೋಡಬೇಕು.

ಹಾಜರಿ ಪುಸ್ತಕ ಮತ್ತು ಕೈಕೆಲಸ ಬಾಯಿಗಿಂತ ಮೊದಲೇ ಸುದ್ದಿ ಕೊಡುತ್ತವೆ. ಚೆನ್ನಾಗಿ ಸುಲಿಯುವವಳ ಬುಟ್ಟಿಯಲ್ಲಿ ಕಚ್ಚಾದ ಅಡಿಕೆ ಹೆಚ್ಚಾಗುವುದು. ಅಡಿಕೆ ಬೇಯಿಸುವ ಚೊಗರಿನ ಹದ ಕಣ್ಣಲ್ಲೇ ಹೇಳುವವನು ಹಂಡೆ ಮರೆತು ನಿಲ್ಲುವುದು. ಗುಂಪಿನಲ್ಲಿ ಬುತ್ತಿ ಬಿಚ್ಚುವವಳು ಒಂಟಿಯಾಗಿ ಕೂರುವುದು. ಮಾತಿಗೆ ಮೊದಲೇ ಸಿಡುಕುವುದು. ಒಂದೆರಡು ದಿನ ಹೀಗಾದರೆ ಯಾರಿಗಾದರೂ ಆಗುವಂಥದ್ದೇ. ಬೇಸರ, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಬಿಡದೆ ನಡೆದರೆ ಡಾಕ್ಟರಿಗೆ ತೋರಿಸಬೇಕಾದ ಲಕ್ಷಣ.

ಗಂಡ-ಹೆಂಡಿರ ಜಗಳ ಇರಬೇಕು, ಸೋಮಾರಿತನ ಇರಬೇಕು ಎಂದು ಮೇಸ್ತ್ರಿ ಕಾರಣ ಹೊಸೆಯಲು ಶುರುಮಾಡಿದರೆ ಅಲ್ಲೇ ನಿಲ್ಲಿಸಿ. ಅವನಿಗೆ ನಾನು ಹೇಳಿರುವುದು ಇಷ್ಟೇ: ಕಂಡದ್ದನ್ನು ಹೇಳು, ಅಂದುಕೊಂಡದ್ದನ್ನು ಬಿಡು.

4. ಕೇಳುವುದಕ್ಕೊಂದು ಜಾಗ, ಒಂದು ರೀತಿ

ಯಜಮಾನ ಕುರ್ಚಿಯಲ್ಲಿ ಕೂತು, ಆಳನ್ನು ಎದುರು ನಿಲ್ಲಿಸಿ, 'ಏನು ನಿನ್ನ ಪ್ರಾಬ್ಲಮ್ಮು' ಎಂದರೆ 'ಏನಿಲ್ಲ ಅಣ್ಣ' ಎಂಬುದೇ ಉತ್ತರ. ನಾನು ಕಣದ ಅಂಚಿನಲ್ಲಿ ಅಡಿಕೆ ಕೆದಕುತ್ತಾ ಮಾತಾಡುತ್ತೇನೆ. ಇಬ್ಬರ ಕೈಗೂ ಕೆಲಸ ಇರುತ್ತದೆ, ಮುಖ ನೋಡಿಕೊಂಡೇ ಮಾತಾಡಬೇಕೆಂಬ ಮುಜುಗರ ಇರುವುದಿಲ್ಲ. ಎಲ್ಲರಿಗೂ ಕಾಣುತ್ತಿರುತ್ತೇವೆ, ಯಾರಿಗೂ ಕೇಳಿಸುವುದಿಲ್ಲ. ಹೆಂಗಸರೊಂದಿಗೆ ಮಾತಾಡುವಾಗ ಇದು ಬಹಳ ಮುಖ್ಯ. ಎಷ್ಟೋ ಸಲ ನನಗಿಂತ ನನ್ನ ಹೆಂಡತಿ ಮಾತಾಡುವುದೇ ಸರಿ.

'ಯಾಕೆ ಹಿಂಗಿದ್ದೀಯ' ಎಂಬ ಪ್ರಶ್ನೆ ತಪ್ಪು ಹುಡುಕಿದಂತೆ ಕೇಳಿಸುತ್ತದೆ. ನಿದ್ದೆಯಿಂದ ಶುರುಮಾಡುವುದು ಒಳ್ಳೆಯದು.

'ರಾತ್ರಿ ನಿದ್ದೆ ಬತ್ತದೇನಕ್ಕ?'

'ಎಲ್ಲಿ ಬತ್ತದಣ್ಣ. ಮೂರು ಗಂಟೆಗೆ ಎಚ್ಚರ ಆದ್ರೆ ಮುಗೀತು.'

'ಎಚ್ಚರ ಆದಾಗ ಏನು ತಲೇಲಿ ಓಡ್ತದೆ?'

ಇಷ್ಟು ಕೇಳಿ ನಾನು ಸುಮ್ಮನಾಗುತ್ತೇನೆ. ಆ ಮೌನವನ್ನು ತುಂಬಲು ಹೋಗಬಾರದು. 'ಎಲ್ಲರಿಗೂ ಕಷ್ಟ ಇದ್ದಿದ್ದೇ', 'ಧೈರ್ಯ ತಗೋ' ಎನ್ನುವುದು ಸುಲಭ. ಅದು ಹೇಳುವವರ ಬಾಯಿ ಮುಚ್ಚಿಸುವ ಮಾತು. ಅಕ್ಕ ಕೊನೆಗೆ ಹೇಳಿದ್ದು ಮಗಳ ಮನೆಯ ವಿಷಯ. ಅದನ್ನು ನಾನು ಬಗೆಹರಿಸಲಾರೆ. ಒಂದು ವಾರ ಬೆಳಿಗ್ಗೆ ತಡವಾಗಿ ಬಂದರೆ ನಡೆಯುತ್ತದೆ ಎಂದು ಹೇಳಬಲ್ಲೆ, ಹೇಳಿದೆ. ಕೈಲಾಗುವಷ್ಟನ್ನೇ ಮಾತು ಕೊಡಿ. ಕೇಳಿದ್ದು ಮೇಸ್ತ್ರಿಯ ಕಿವಿಗೂ ಹೋಗಬಾರದು. ಒಬ್ಬರ ಗುಟ್ಟು ಟೀ ಅಂಗಡಿ ಮುಟ್ಟಿತೆಂದರೆ ಆಮೇಲೆ ನಿಮ್ಮ ಹತ್ತಿರ ಯಾರೂ ಬಾಯಿ ಬಿಡುವುದಿಲ್ಲ.

5. ನೀವು ಡಾಕ್ಟರಲ್ಲ, ಡಾಕ್ಟರ ದಾರಿ ಗೊತ್ತಿರಲಿ

ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯಿಂದ ದೂರವೇ ಇದ್ದರು. ನಾಚಿಕೆ ಒಂದು ಕಾರಣ. ಎಲ್ಲಿಗೆ ಹೋಗಬೇಕೆಂದು ಗೊತ್ತಿಲ್ಲದಿರುವುದು ಇನ್ನೊಂದು. ಎರಡನೆಯದನ್ನು ಯಜಮಾನ ಒಂದು ಹಾಳೆಯಲ್ಲಿ ಸರಿಮಾಡಬಹುದು.

ನಮ್ಮ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ 14416 ಎಂದು ಬರೆದಿದೆ. ಅದು ಟೆಲಿ ಮನಸ್. 2022ರ ಅಕ್ಟೋಬರ್ 10ರಂದು ಶುರುವಾದ, ನಿಮ್ಹಾನ್ಸ್ ಮುಂದೆ ನಿಂತು ನಡೆಸುವ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ. ಹೊರಡುವ ಮೊದಲು ತರೀಕೆರೆ ಆಸ್ಪತ್ರೆಗೆ ಒಂದು ಫೋನು ಮಾಡಿ ಕೇಳಿಕೊಂಡರೆ ದಿನ ದಂಡವಾಗುವುದಿಲ್ಲ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ. ಮೊದಲಿನಿಂದಲೂ ನಮ್ಮ ಕಡೆಯವರಿಗೆ ಶಿವಮೊಗ್ಗದ ದಾರಿಯೂ ಗೊತ್ತು. ಅಲ್ಲಿನ ಮನೋವೈದ್ಯ ಡಾ. ಕೆ.ಎ. ಅಶೋಕ ಪೈ ಅವರ ಕಥೆಯಿಂದ ಸುರೇಶ್ ಹೆಬ್ಳೀಕರ್ 'ಕಾಡಿನ ಬೆಂಕಿ' ಸಿನಿಮಾ ಮಾಡಿದ ಕಾಲದಿಂದ, ಮನಸ್ಸಿಗೂ ಡಾಕ್ಟರಿದ್ದಾರೆ ಎಂಬ ಮಾತು ಮಲೆನಾಡಿನ ಮನೆಗಳಿಗೆ ಹೊಸದಲ್ಲ.

ಊರಿನ ಆಸ್ಪತ್ರೆಯಲ್ಲೇ ಮನಸ್ಸಿಗೆ ಚಿಕಿತ್ಸೆ ಎಂಬ ಯೋಚನೆ ಬೇರೂರಿದ್ದೂ ಕರ್ನಾಟಕದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ಮಾಡಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಮೊದಲ ಸಲ ಹೋಗುವಾಗ ಜೊತೆಗೊಬ್ಬರನ್ನು ಕಳಿಸಿ, ಇಬ್ಬರ ಕೂಲಿಯನ್ನೂ ಕೊಡಿ. ಖಿನ್ನತೆಯ ಮಾತ್ರೆ ಎರಡರಿಂದ ನಾಲ್ಕು ವಾರ ತೆಗೆದುಕೊಂಡ ಮೇಲೆ ಗುಣ ಕಾಣುತ್ತದೆ ಎಂಬುದನ್ನು ಮನೆಯವರಿಗೆ ಮೊದಲೇ ತಿಳಿಸಿ. ವಾರಕ್ಕೇ ಏನೂ ಆಗಲಿಲ್ಲ ಎಂದು ಬಿಡುವವರು, ಸ್ವಲ್ಪ ಹಗುರಾದ ಕೂಡಲೇ ನಿಲ್ಲಿಸುವವರು ಬಹಳ.

6. ದೇವರ ಜೊತೆ ಜಗಳ ಬೇಡ

ಕಲ್ಲತ್ತಿಗಿರಿಯ ವೀರಭದ್ರನಿಗೆ ಹರಕೆ ಹೊತ್ತವರಿಗೆ, ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿಕೊಂಡವರಿಗೆ ಮೂಢನಂಬಿಕೆಯ ಪಾಠ ಮಾಡಿದರೆ ನಮ್ಮ ದಾರಿಯೇ ಮುಚ್ಚುತ್ತದೆ. ಹರಕೆಯೂ ಇರಲಿ, ಮಾತ್ರೆಯೂ ಇರಲಿ ಎಂದರೆ ಮನೆಯ ಹಿರಿಯರು ಒಪ್ಪುತ್ತಾರೆ. ಹೊಡೆಯುವುದು, ಉಪವಾಸ ಕೆಡವುವುದು, ಕಟ್ಟಿಹಾಕುವುದು ಕಂಡರೆ ಮಾತ್ರ ಸುಮ್ಮನಿರಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

7. ಕುಡಿತವನ್ನು ಬೈಗುಳದಿಂದ ಬಿಡಿಸಲಾಗದು

ಮೊದಲು ನಮ್ಮ ಕಡೆಯ ತಪ್ಪು ಪದ್ಧತಿ ನಿಲ್ಲಬೇಕು. ಲೋಡು ತುಂಬಿದ ಮೇಲೆ, ಮಳೆಯಲ್ಲಿ ದುಡಿದ ಮೇಲೆ 'ಕ್ವಾರ್ಟರ್‌ಗೆ ಇರಲಿ' ಎಂದು ಕೊಡುವ ದುಡ್ಡು ಪ್ರೀತಿಯಲ್ಲ. ಅದೇ ದುಡ್ಡನ್ನು ಕೂಲಿಗೆ ಸೇರಿಸಿ ಕೊಡಿ. ನಮ್ಮಲ್ಲಿ ಗೊನೆ ಕೀಳುವವರು ಒಪ್ಪಿದರೆ ಕೂಲಿಯ ಒಂದು ಪಾಲು ಬ್ಯಾಂಕ್ ಖಾತೆಗೆ ಹೋಗುತ್ತದೆ. ಅವರನ್ನು ಕೇಳದೆ ಹೆಂಡತಿಯ ಕೈಗೆ ಕೊಡುವುದು ಮನೆಯಲ್ಲಿ ಹೊಡೆದಾಟಕ್ಕೆ ದಾರಿ.

ದಿನಾ ಹೆಚ್ಚು ಕುಡಿಯುವವನಿಗೆ 'ಇವತ್ತಿಂದ ಮುಟ್ಟಬೇಡ' ಎಂದು ಆಣೆ ಮಾಡಿಸುವುದು ಅಪಾಯದ ಕೆಲಸ. ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದೊಳಗೆ ಕೈ ನಡುಕ, ಬೆವರು, ಫಿಟ್ಸ್, ಇಲ್ಲದ್ದೆಲ್ಲ ಕಾಣಿಸುವ ಭ್ರಮೆ ಬರಬಹುದು; ಜೀವಕ್ಕೇ ಕುತ್ತು ಬರಬಹುದು. ಅಂಥವರು ಆಸ್ಪತ್ರೆಯಲ್ಲಿ, ಔಷಧದ ಆಸರೆಯಲ್ಲಿ ಬಿಡಬೇಕು. ಇನ್ನೊಂದು ಚಾಳಿ, ಊಟದಲ್ಲಿ ಗೊತ್ತಿಲ್ಲದಂತೆ ಕುಡಿತ ಬಿಡಿಸುವ ಪುಡಿ ಬೆರೆಸುವುದು. ಡೈಸಲ್ಫಿರಾಮ್ ಎಂಬ ಔಷಧ ಒಳಗಿದ್ದು, ಅದು ತಿಳಿಯದೆ ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಸಂಚಕಾರ. ಪುಡಿಯ ಜಾಹೀರಾತು ನಂಬಿ ಬರುವ ಹೆಂಡತಿಯರಿಗೆ ಇದನ್ನು ಬಿಡಿಸಿ ಹೇಳಬೇಕು.

ಕುಡಿದು ಬಂದವನನ್ನು ಮರ ಹತ್ತಿಸಬೇಡಿ, ಯಂತ್ರದ ಹತ್ತಿರ ಬಿಡಬೇಡಿ. ಅವತ್ತು ವಾಪಸ್ ಕಳಿಸಿ. ಮಾತು ಮರುದಿನ ಬೆಳಿಗ್ಗೆ, ಅಮಲು ಇಳಿದ ಮೇಲೆ.

8. ಔಷಧದ ಕೋಣೆಗೆ ಬೀಗ, ಬಾಯಲ್ಲಿ ನೇರ ಪ್ರಶ್ನೆ

ತೋಟದ ಕೆಲಸದಲ್ಲಿ ಕೀಟನಾಶಕ, ಕಳೆನಾಶಕ ಕೈಗೆಟಕುವಂತೆ ಇರುತ್ತವೆ. ಒಂದು ಕೆಟ್ಟ ಗಳಿಗೆಯಲ್ಲಿ ಅವು ಸುಲಭಕ್ಕೆ ಸಿಗದಿದ್ದರೆ ಬಹಳ ಜೀವ ಉಳಿಯುತ್ತವೆ. ಶ್ರೀಲಂಕಾ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಗಣನೀಯವಾಗಿ ಇಳಿಯಿತು. ಮನಸ್ಸು ಕೆಟ್ಟ ಗಳಿಗೆ ದಾಟಿದರೆ ಬದುಕುವ ಆಸೆ ಮರಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ನಮ್ಮಲ್ಲಿ ಔಷಧದ ಕೋಣೆಗೆ ಬೀಗವಿದೆ. ಕೀ ಇಬ್ಬರ ಹತ್ತಿರ ಮಾತ್ರ. ಅವತ್ತಿಗೆ ಬೇಕಾದಷ್ಟೇ ಹೊರಗೆ, ಖಾಲಿ ಡಬ್ಬಿ ಲೆಕ್ಕಕ್ಕೆ ವಾಪಸ್.

ಯಾರಾದರೂ 'ಇದ್ದು ಏನ್ ಪ್ರಯೋಜನ', 'ನಾನಿಲ್ದಿದ್ರೆ ಎಲ್ರೂ ಚೆನ್ನಾಗಿರ್ತಾರೆ' ಎಂದರೆ ತಮಾಷೆ ಮಾಡಿ ದಾಟಿಸಬೇಡಿ. 'ಸಾಯ್ಬೇಕು ಅಂತ ಅನ್ನಿಸ್ತಿದೆಯಾ?' ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಸುಳ್ಳು. ಕೇಳಿಸಿಕೊಂಡವರಿಗೆ ಹೇಳಿಕೊಳ್ಳಲು ಜಾಗ ಸಿಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮನೆಯವರನ್ನು ಕರೆಸಿ, 14416ಕ್ಕೆ ಫೋನು ಹಚ್ಚಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.

ಪೊಲೀಸ್ ಕೇಸಾಗುತ್ತದೆ ಎಂದು ಆಸ್ಪತ್ರೆಗೆ ಹೋಗದೆ ಹೊತ್ತು ಕಳೆಯುವವರು ಈಗಲೂ ಇದ್ದಾರೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಅವರ ಆರೈಕೆ ಸರ್ಕಾರದ ಹೊಣೆ.

9. ದೂರದಿಂದ ಬಂದವರನ್ನು ಹೆಸರು ಹಿಡಿದು ಕರೆಯಿರಿ

ಸಂತವೇರಿ ಕಡೆಯ ಕಾಫಿ ತೋಟಗಳ ಲೈನು ಮನೆಗಳಲ್ಲಿ ಈಗ ಅಸ್ಸಾಂ, ಬಿಹಾರ ಕಡೆಯವರು ತುಂಬಿದ್ದಾರೆ. ಕೆಳಗೆ ಅಡಿಕೆಗೂ ಬರುತ್ತಾರೆ. 'ಏ ಹಿಂದಿಯವ್ನೆ' ಎಂದು ಕೂಗಿಸಿಕೊಳ್ಳುತ್ತಾ ತಿಂಗಳುಗಟ್ಟಲೆ ಕಳೆಯುವ ಇಪ್ಪತ್ತರ ಹುಡುಗನಿಗೆ ಮೊದಲು ಬೇಕಾದದ್ದು ಅವನ ಹೆಸರು. ಎರಡನೆಯದು ಮೊಬೈಲ್ ಚಾರ್ಜಿಗೆ ಪ್ಲಗ್ಗು ಮತ್ತು ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿಬರಲು ಬಿಡುವು. ಊರಿನಲ್ಲಿ ಪ್ರವಾಹ ಬಂದಾಗ ಮನೆಯವರ ದನಿ ಕೇಳುವ ತನಕ ಅವನು ಸುಲಿದ ಅಡಿಕೆಯೂ ಸರಿ ಇರುವುದಿಲ್ಲ. ಮೂರನೆಯದು ಅವರ ಅಡುಗೆ ಅವರೇ ಮಾಡಿಕೊಳ್ಳಲು ಅನುಕೂಲ. ಟೆಲಿ ಮನಸ್‌ನಲ್ಲಿ ಹಲವು ಭಾಷೆಗಳಿವೆ, ಅವರಿಗೂ ಅದೇ ನಂಬರು. ಅವರ ಆಧಾರ್ ಕಾರ್ಡನ್ನು ಮೇಸ್ತ್ರಿ ಕಿತ್ತಿಟ್ಟುಕೊಂಡಿದ್ದರೆ ಮೊದಲು ಅದನ್ನು ವಾಪಸ್ ಕೊಡಿಸಿ.

10. ಶೌಚಾಲಯ, ಮಗು, ಮರ್ಯಾದೆ

ಶೌಚಾಲಯವಿಲ್ಲದ ಕಡೆ ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಮಧ್ಯಾಹ್ನಕ್ಕೆ ತಲೆನೋವು, ಸಿಡುಕು. ಇದಕ್ಕೆ ಮನಶ್ಶಾಸ್ತ್ರ ಬೇಡ, ಬಾಗಿಲು ಚಿಲಕ ಇರುವ ಒಂದು ಕೋಣೆ, ನೀರು, ಕಸದ ಡಬ್ಬಿ ಸಾಕು.

ಮಗುವನ್ನು ಮೆಟ್ಟುಗತ್ತಿಯ ಪಕ್ಕ ಮಲಗಿಸಿ ಸುಲಿಯುವ ತಾಯಿಯ ಅರ್ಧ ಜೀವ ಮಗುವಿನ ಮೇಲಿರುತ್ತದೆ. ತೋಟದಲ್ಲಿ 50 ಅಥವಾ ಅದಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಪಾಲನಾ ಕೋಣೆ ಇರಬೇಕೆಂದು 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲೇ ಬರೆದರು. ನಮ್ಮಲ್ಲಿ ಅಷ್ಟು ಜನ ಇಲ್ಲ. ವಯಸ್ಸಾಗಿ ಸುಲಿಯಲು ಕೈ ಸಾಗದ ಒಬ್ಬ ಅಜ್ಜಿಗೆ ದಿನಗೂಲಿ ಕೊಟ್ಟು ಮಕ್ಕಳನ್ನು ನೋಡಿಕೊಳ್ಳಲು ಕೂರಿಸಿದೆವು. ಅಜ್ಜಿಗೂ ಕೆಲಸ ಉಳಿಯಿತು.

ಮೈಮುಟ್ಟುವ, ಕೆಟ್ಟ ಮಾತಾಡುವ ಗಂಡಸಿನ ವಿಷಯ ಬಂದರೆ 'ಅವನು ಹಂಗೇ, ಮನಸ್ಸಿಗೆ ಹಚ್ಚಿಕೋಬೇಡ' ಎನ್ನುವಂತಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಆಂತರಿಕ ಸಮಿತಿ ಇರಬೇಕು. ಕಡಿಮೆ ಇದ್ದರೆ, ಅಥವಾ ದೂರು ಯಜಮಾನನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಈ ಸಾಲನ್ನು ಹೆಂಗಸರಿಗೆ ಓದಿ ಹೇಳಬೇಕಾದವನು ಯಜಮಾನನೇ.

11. ನಾಳೆಯ ಸುದ್ದಿ ಇವತ್ತೇ ಹೇಳಿ, ವಾಪಸ್ ಬಂದವರಿಗೆ ಜಾಗ ಇಡಿ

ಗೊತ್ತಿಲ್ಲದ ನಾಳೆ ಕೆಟ್ಟ ನಾಳೆಗಿಂತ ಹೆಚ್ಚು ಸುಸ್ತು ಮಾಡುತ್ತದೆ. ನಮ್ಮ ನೆರೆಯ ಭದ್ರಾವತಿಯವರಿಗೆ ಇದು ಚೆನ್ನಾಗಿ ಗೊತ್ತು. ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲಕ್ಕೆ ಅಲ್ಲಿನ ಕುಲುಮೆಗೆ ಹೋಗುತ್ತಿತ್ತು. 2023ರ ಜನವರಿಯಲ್ಲಿ ಆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಇರುತ್ತದೋ ಹೋಗುತ್ತದೋ ಎಂಬ ತೂಗುಯ್ಯಾಲೆಯಲ್ಲಿ ಮನೆಮನೆ ನಿದ್ದೆಗೆಟ್ಟಿತು.

ನಮ್ಮ ಸಣ್ಣ ಜಾಗದಲ್ಲೂ ಅದೇ. ಸುಲಿಯುವ ಯಂತ್ರ ತರುವುದು ಖಚಿತವಾದಾಗ ನಾನು ಕೊಯ್ಲಿಗೆ ಮುಂಚೆಯೇ ಎಲ್ಲರನ್ನೂ ಕೂರಿಸಿ ಹೇಳಿದೆ: ಎಷ್ಟು ಜನಕ್ಕೆ ಸುಲಿಯುವ ಕೆಲಸ ಉಳಿಯುತ್ತದೆ, ಎಷ್ಟು ಜನ ಆರಿಸುವುದಕ್ಕೆ, ಕಣಕ್ಕೆ ಹೋಗಬೇಕು, ಯಾರಿಗೆ ಈ ವರ್ಷ ಕೆಲಸ ಕೊಡಲಾಗದು. ಸಿಟ್ಟು ಬಂತು, ಒಬ್ಬಿಬ್ಬರು ಎದ್ದು ಹೋದರು. ಬೇರೆ ಕಡೆ ಕೆಲಸ ಹುಡುಕಲು ಅವರಿಗೆ ಸಮಯವಂತೂ ಸಿಕ್ಕಿತು. ಮೇಸ್ತ್ರಿಗೂ ಇದು ಅನ್ವಯ. ಮೇಲಿನಿಂದ ನನ್ನ ಒತ್ತಡ, ಕೆಳಗಿನಿಂದ ಆಳುಗಳ ಸಿಟ್ಟು, ಎರಡನ್ನೂ ನುಂಗುವವನು ಅವನು. ಅವನಿಗೆ ವಾರಕ್ಕೊಂದು ರಜೆ ಖಾತ್ರಿ ಇದ್ದರೆ ಅವನ ಬಾಯಿಯ ಬೈಗುಳ ತಾನಾಗಿ ಇಳಿಯುತ್ತದೆ.

ಚಿಕಿತ್ಸೆ ಪಡೆದು ವಾಪಸ್ ಬಂದವರ ವಿಷಯ ಬೇರೆಯೇ ಗಮನ ಬೇಡುತ್ತದೆ. ಕೆಲವು ಮಾತ್ರೆಗಳಿಂದ ಮಂಪರು ಇರುತ್ತದೆ. ಅಂಥವರಿಗೆ ಮರ, ಯಂತ್ರ, ಕುದಿಯುವ ಹಂಡೆ ಬೇಡ. ಅಡಿಕೆ ಆರಿಸುವುದು, ಚೀಲ ಹೊಲಿಯುವುದು ಇದೆ. ಮೊದಲು ಅರ್ಧ ದಿನ, ಆಮೇಲೆ ಪೂರ್ತಿ. ಮಾನಸಿಕ ಕಾಯಿಲೆಯನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಕೆಲಸದಲ್ಲಿ ಇಂಥ ಹೊಂದಾಣಿಕೆ ಉಪಕಾರವೆಂದು ಎಣಿಸಬೇಕಾಗಿಲ್ಲ. ವಾಪಸ್ ಬಂದವನ ಹಿಂದೆ ಯಾರಾದರೂ 'ಹುಚ್ಚಾಸ್ಪತ್ರೆ' ಎಂದರೆ ಯಜಮಾನ ಎಲ್ಲರೆದುರು ಅಲ್ಲೇ ತಡೆಯಬೇಕು. ಅವತ್ತು ಸುಮ್ಮನಿದ್ದರೆ ಮುಂದೆ ಕಾಯಿಲೆ ಬಂದವರೆಲ್ಲ ಮುಚ್ಚಿಡುತ್ತಾರೆ.

ಬೇರೆ ಚೇಣಿದಾರರು ಕೇಳುವುದು ಒಂದೇ: ಇದಕ್ಕೆಲ್ಲ ಎಷ್ಟು ಖರ್ಚು? ದೊಡ್ಡ ಖರ್ಚು ಶೌಚಾಲಯಕ್ಕೆ ಬಿದ್ದದ್ದು. ಆಮೇಲೆ ಅಜ್ಜಿಯ ದಿನಗೂಲಿ, ಆಸ್ಪತ್ರೆಗೆ ಹೋದವರ ಕೂಲಿ, ಮೇಸ್ತ್ರಿಯ ರಜೆ. ಕಾಟಾ ತಿರುಗಿಸಲು, ಚೀಟಿ ಬರೆಯಲು, ಬೀಗ ಹಾಕಲು, ಹೆಸರು ಹಿಡಿದು ಕರೆಯಲು ಕೈಯಿಂದ ಹೋದದ್ದು ಇಲ್ಲವೆನ್ನುವಷ್ಟು ಕಡಿಮೆ. ಸೀಸನ್ ಶುರುವಾಗುವ ಮುಂಚೆ ಎಲ್ಲ ಪಾಠವನ್ನೂ ಒಟ್ಟಿಗೆ ಹಿಡಿಯಲು ಆಗದವರು ಮೊದಲನೆಯದನ್ನು ಹಿಡಿಯಲಿ. ತೂಕ ನೆಟ್ಟಗಿದ್ದು ಬಟವಾಡೆ ತಪ್ಪದಿದ್ದರೆ, ನಿಮ್ಮ ಸಮಾಧಾನದ ಮಾತಿಗೂ ಆಮೇಲೆ ಒಂದು ಬೆಲೆ ಬರುತ್ತದೆ.